ಚಿಮಣಿಗೆ ಹಿಡಿದ ಬಟ್ಟೆ

ಕೋದಂಡರಾಮಪ್ಪನವರನ್ನು ನಮ್ಮ ಕಾರ್ಖಾನೆಗೆ ಸೇರಿಸಿಕೊಂಡದ್ದು ಅವರ ಮೂಗಿಗಾಗಿ. ನರಸಾಪುರದಲ್ಲಿ ನಾವು ಬಿಸ್ಕತ್ತಿನ ಪೊಟ್ಟಣಗಳ ಹಾಳೆ ಮುದ್ರಿಸುತ್ತೇವೆ. ಶಾಯಿ ಒಣಗುವಾಗ ಏಳುವ ಸಾಲ್ವೆಂಟಿನ ಆವಿ, ತೆಂಗಿನ ಚಿಪ್ಪಿನ ಇದ್ದಿಲು ತುಂಬಿದ ದೊಡ್ಡ ತೊಟ್ಟಿಯೊಂದನ್ನು ಹಾದು ಚಿಮಣಿ ಸೇರುತ್ತದೆ. ಇದ್ದಿಲು ಆವಿಯನ್ನು ಹಿಡಿದಿಟ್ಟುಕೊಳ್ಳುತ್ತದೆ. ತುಂಬಿದ ಮೇಲೆ ಹಿಡಿಯಲಾರದು. ತುಂಬಿತೆಂದು ತಿಳಿಸುವ ಯಂತ್ರ ದುಬಾರಿ. ಹಿಂದೆ ವಕ್ಕಲೇರಿಯ ಅಂಗಡಿಯಲ್ಲಿ ಸೀಮೆಎಣ್ಣೆ ಅಳೆಯುತ್ತಿದ್ದಾಗ ಕಲಬೆರಕೆಯನ್ನು ಮೂಸಿಯೇ ಹೇಳುತ್ತಿದ್ದ ಕೋದಂಡರಾಮಪ್ಪ ಗುತ್ತಿಗೆಯ ಮೇಲೆ ಅಗ್ಗಕ್ಕೆ ಸಿಕ್ಕರು. ದಿನವೂ ಬೆಳಿಗ್ಗೆ ಏಣಿ ಹತ್ತಿ, ಚಿಮಣಿಯ ಪಕ್ಕದ ಸಣ್ಣ ಕಿಂಡಿ ತೆರೆದು ಮೂಸಿ, ವಾಸನೆ ಬಂದ ದಿನ ನನಗೆ ತಿಳಿಸುವುದು ಅವರ ಕೆಲಸ. ಅದನ್ನು ಬರೆದು, ಸಹಿ ಹಾಕಿ, ಇದ್ದಿಲು ಬದಲಿಸಲು ಹೇಳುವುದು ನನ್ನದು.

ಆರು ವರ್ಷ ವ್ಯತ್ಯಾಸವಾಗಲಿಲ್ಲ: ನಲವತ್ತು ದಿನ, ಮೂವತ್ತೆಂಟು, ನಲವತ್ತೊಂದು. ನಡುವೆ ಒಂದು ಸಣ್ಣ ಬದಲಾವಣೆ ಮಾತ್ರ ನನ್ನ ಕಣ್ಣಿಗೆ ಬಿದ್ದಿತ್ತು. ಮೊದಲು ಏಣಿ ಇಳಿದೊಡನೆ ಹೇಳುತ್ತಿದ್ದವರು ಮರುದಿನ ಹೇಳತೊಡಗಿದ್ದರು. ಕಾರಣ ಕೇಳಲಿಲ್ಲ.

ಕಳೆದ ವರ್ಷ ಜೂನ್ ಹತ್ತರಂದು ಹೊಸ ಇದ್ದಿಲು ತುಂಬಿದೆವು. ಐವತ್ತು ದಿನವಾಯಿತು, ಅರವತ್ತಾಯಿತು, ಎಂಬತ್ತಾಯಿತು. ಶಾಯಿಯ ವಾಸನೆಯಲ್ಲೇ ಕೂತಿರುವ ನಮಗೆ ಕೆಳಗೆ ಏನೂ ತಿಳಿಯಲಿಲ್ಲ. ತೊಂಬತ್ತನೆಯ ದಿನ ಮ್ಯಾನೇಜರ್ ಅನಿಲ್‌ಕುಮಾರ್, ಕೋದಂಡರಾಮಪ್ಪನವರಿಗೆ ಶಾಲು ಹೊದಿಸಿ, ದಸರೆಗೆ ಕೆಲಸ ಕಾಯಂ ಮಾಡುವುದಾಗಿ ಹೇಳಿದರು.

"ಅರ್ಧಕ್ಕರ್ಧ ಖರ್ಚು ಉಳಿಸಿದಾರೆ. ನಿಮ್ಮ ಡಿಗ್ರಿ ಏನ್ರೀ ಮಾಡ್ತು?" ಎಂದು ನನ್ನನ್ನು ಛೇಡಿಸಿದರು. ಎಲ್ಲರೂ ನಕ್ಕರು, ಕೋದಂಡರಾಮಪ್ಪ ನಗಲಿಲ್ಲ.

ಮಧ್ಯಾಹ್ನ ಊಟಕ್ಕೆ ಅವರ ಎದುರು ಕುಳಿತೆ. ಅವರ ಡಬ್ಬಿಯ ಹುಳಿ ಹಳಸಿದ್ದು ಮೇಜಿನಾಚೆಗೂ ನಾರುತ್ತಿತ್ತು. ಅವರು ಅದರಲ್ಲೇ ಮುದ್ದೆ ಅದ್ದುತ್ತಿದ್ದರು. ಡಬ್ಬಿಯನ್ನು ಸರಿಸಿದೆ.

"ಯಾವಾಗಿಂದ?"

"ಮೂರ್ ವರ್ಷ ಆಯ್ತು ಸಾರ್. ಬಟ್ಟೇನ ಚಿಮಣಿಗ್ ಹಿಡ್ದು, ಸ್ಟೀಲ್ ಡಬ್ಬೀಲಿ ಮುಚ್ಕೊಂಡು ಮನೇಗ್ ಒಯ್ತಿದ್ದೆ. ನಮ್ಮನೆಯೋಳು ಮುನಿಶಾಮಮ್ಮ ಮೂಸಿ ಹೇಳೋಳು. ಮಗಳ ಬಾಣಂತನಕ್ಕೆ ತಾಯಲೂರಿಗ್ ಹೋದೋಳು ಇನ್ನೂ ಬಂದಿಲ್ಲ."

"ನಲವತ್ತಾದ ಮೇಲೆ ಅಂದಾಜಲ್ಲೇ ಹೇಳಬಹುದಿತ್ತಲ್ಲ?"

"ಬೇರೆಯವ್ರು ಹತ್ತಿ ಮೂಸಿ, ವಾಸನೇನೇ ಇಲ್ಲ ಅಂದ್ಬುಟ್ರೆ? ಮೂಗಿಲ್ದೋನ್ನ ಯಾರ್ ಸಾರ್ ಇಟ್ಕೊಂತಾರೆ? ನಾಳೆ ಹೇಳೋಣ, ನಾಳೆ ಹೇಳೋಣ ಅಂತ ಇಲ್ಲಿಗಂಟ ಬಂತು."

ನಾನೇ ಏಣಿ ಹತ್ತಿದೆ. ಕಿಂಡಿ ತೆರೆಯುತ್ತಲೇ ಕಣ್ಣು ಉರಿಯಿತು.

ಮರುದಿನ ಇಬ್ಬರೂ ಹೋಗಿ ಮ್ಯಾನೇಜರಿಗೆ ಹೇಳಿದೆವು. ಅವರು ಎದ್ದು ಬಾಗಿಲು ಮುಚ್ಚಿದರು.

"ತೊಂಬತ್ತು ದಿನಕ್ಕೊಂದ್ಸಲ ಸಾಕು ಅಂತ ಹೆಡ್ಡಾಫೀಸಿಗೆ ಬರೆದಾಯ್ತು, ಅವರು ಒಪ್ಪಿಯೂ ಆಯ್ತು. ಇನ್ಮೇಲೆ ದಿನ ಎಣಿಸಿದ್ರೆ ಆಯ್ತು. ಮೂಸೋ ಕೆಲ್ಸಾನೇ ಇಲ್ಲ ಬಿಡ್ರಿ."

ಮೂಸುವ ಕೆಲಸವಿಲ್ಲವೆಂದ ಮೇಲೆ ಕೋದಂಡರಾಮಪ್ಪನವರೂ ಬೇಕಾಗಲಿಲ್ಲ. ದಸರೆಗೆ ಮುಂಚೆಯೇ ಗುತ್ತಿಗೆದಾರ ಅವರ ಹೆಸರು ಹೊಡೆದುಹಾಕಿದ. ಎಣಿಸುವುದಕ್ಕೆ ನಾನಿದ್ದೆ. ತೊಂಬತ್ತು ದಿನದ ಲೆಕ್ಕವನ್ನು ಆಕ್ಷೇಪಿಸಿ ಹೆಡ್ಡಾಫೀಸಿಗೆ ಒಂದು ಪತ್ರ ಬರೆದೆ, ಉತ್ತರ ಬರಲಿಲ್ಲ. ಎರಡನೆಯದನ್ನು ಬರೆಯಲಿಲ್ಲ. ತೊಂಬತ್ತು ದಿನಕ್ಕೊಮ್ಮೆ ಸಹಿ ಹಾಕುತ್ತಿದ್ದೇನೆ.

ಮೊನ್ನೆ ಭಾನುವಾರ, ಕಾರ್ಖಾನೆಯ ಹಿಂಬದಿಯಲ್ಲೇ ಇರುವ ಅವರ ಬಾಡಿಗೆ ಮನೆಗೆ ಹೋಗಿದ್ದೆ. ಮುನಿಶಾಮಮ್ಮ ಡೇರಿಗೆ ಹಾಲು ಹಾಕಿ ಬಂದವರು ಕಾಫಿ ಕೊಟ್ಟರು.

"ಹಾಲು ಉಕ್ಕಿ ಸೀದ್ರೂ ಪಕ್ಕದಲ್ಲೇ ಕೂತಿರ್ತಾರೆ ಸಾರ್. ಮೂಗು ಇವ್ರಿಗೆ ಬರೀ ಶೋಕಿಗೆ" ಎಂದರು.

ಕೋದಂಡರಾಮಪ್ಪ ಸಣ್ಣಗೆ ನಕ್ಕರು. ಅಷ್ಟರಲ್ಲಿ ಗಾಳಿ ತಿರುಗಿತು. ಮುನಿಶಾಮಮ್ಮ ಸೆರಗನ್ನು ಮೂಗಿಗೆ ಒತ್ತಿಕೊಂಡರು.

"ಇವತ್ತಿಗೆಷ್ಟ್ ದಿನ ಸಾರ್?" ಅದನ್ನು ನೋಡಿ ಕೋದಂಡರಾಮಪ್ಪ ಕೇಳಿದರು.

"ಅರವತ್ತೊಂದು."

ಅವರು ಎದ್ದು ಹೊಸ್ತಿಲಿಗೆ ಹೋಗಿ, ಗಾಳಿಯತ್ತ ಮುಖ ಮಾಡಿ, ಹಿಂದೆ ಏಣಿಯ ಮೇಲೆ ನಿಲ್ಲುತ್ತಿದ್ದ ಹಾಗೆಯೇ ಕಣ್ಣು ಮುಚ್ಚಿ ನಿಂತರು. ಸ್ವಲ್ಪ ಹೊತ್ತಿನ ಮೇಲೆ ಹೆಂಡತಿಯ ಕಡೆ ತಿರುಗಿದರು.

"ಜೋರಾಗೈತಾ?"