ಟೊಲೆಫ್ಸನ್ ಹೆಸರಿನ ತೋಟಾ

ಮೊಂಟಾನಾದ ಗೋಧಿ ಬಯಲಿನಲ್ಲಿ, ಕಣಜದ ತೂಕದ ಕೆಲಸದಿಂದ ನಿವೃತ್ತನಾದ ಆರ್ವಿಡ್ ಟೊಲೆಫ್ಸನ್ ಬೇಟೆಯಲ್ಲಿ ಶೂರನೇನಲ್ಲ. ಹುಲ್ಲುಗಾವಲಿನಲ್ಲಿ ಬಿಲ ತೋಡುವ ಅಳಿಲುಗಳೂ ತನ್ನನ್ನು ಕಂಡರೆ ಓಡದೆ ನಿಂತು ನೋಡುತ್ತವೆ ಎಂದು ತಾನೇ ಹೇಳಿಕೊಳ್ಳುತ್ತಿದ್ದ. ಅವನ ಹುಚ್ಚೆಲ್ಲ ಸಣ್ಣ ಕೋವಿಗಳ ಅಪರೂಪದ ತೋಟಾಗಳದ್ದು. ಕಾಲುಚೀಲದ ಡ್ರಾಯರ್‌ಗಳಲ್ಲಿ ಮೂರು ಸಾವಿರ ತೋಟಾಗಳಿದ್ದವು; ಕಾಲುಚೀಲಗಳು ಅಡುಗೆಮನೆಗೆ ವಲಸೆ ಹೋಗಿದ್ದವು.

ಆ ಸೀಮೆಯ ತೋಟಾ ಹುಚ್ಚರಿಗೆ ಮೋಕ್ಷ ಒಂದೇ: ಕಂಪನಿಯ ತೋಟಾದ ಹಿತ್ತಾಳೆ ಚಿಪ್ಪಿನ ಕುತ್ತಿಗೆ ಹಿಸುಕಿ ಕಿರಿದು ಮಾಡಿ, ಎಲ್ಲೂ ಇಲ್ಲದ ಅಳತೆಯ ಹೊಸ ತೋಟಾ ತಯಾರಿಸಿ ಅದಕ್ಕೆ ತಮ್ಮ ಹೆಸರಿಡುವುದು. ಆರ್ವಿಡ್ ಒಂಬತ್ತು ವರ್ಷ ಹಿಸುಕಿದ. ಗುಂಡಿನ ಅಗಲ ಅಂಗುಲದ ನೂರರಲ್ಲಿ ಹದಿನೇಳು ಪಾಲು; ಆ ‘ಹದಿನೇಳರ ಟೊಲೆಫ್ಸನ್’ ತೋಟಾ ಸಂಗ್ರಾಹಕರ ಸಂಘದ ಪಟ್ಟಿಗೆ ಸೇರುವ ಮುಂಚೆಯೇ ಕೋವಿಯ ನಳಿಗೆಯ ಮೇಲೆ ಆ ಹೆಸರು ಕೆತ್ತಿಸಿಬಿಟ್ಟ. ಕೂಸು ಹುಟ್ಟುವ ಮುನ್ನ ಕುಲಾವಿ.

"ಮಗನಿಗೆ ಹೆಸರಿಡೋವಾಗ್ಲೂ ನೀನು ಇಷ್ಟು ಕುಣೀಲಿಲ್ಲ," ಎಂದಳು ಹೆಂಡತಿ ವರ್ನಾ.

"ಅದನ್ನ ನಿಮ್ಮಪ್ಪ ಇಟ್ರು ಕಣೇ. ನಂಗೆಲ್ಲಿ ಸರದಿ ಸಿಕ್ತು?"

ಶನಿವಾರ ಚರ್ಚಿನ ನೆಲಮಾಳಿಗೆಯಲ್ಲಿ ಸಂಘದ ಸಭೆ. ಹೊಸ ತೋಟಾವನ್ನು ಸಂಘದ ಪೆಟ್ಟಿಗೆಯಲ್ಲಿರುವ ಹಳೆಯವುಗಳ ಪಕ್ಕದಲ್ಲಿಟ್ಟು ನೋಡಿದ ಮೇಲೆಯೇ ಹೆಸರು ಬರೆಯುವುದು ಅಲ್ಲಿಯ ಕ್ರಮ. ತನ್ನ ಸರದಿಗೆ ಕಾಯುತ್ತ ಆರ್ವಿಡ್, ಯಾರೋ ತೀರಿಕೊಂಡವರ ಮನೆಯಿಂದ ಅಂದೇ ಸಂಘಕ್ಕೆ ಬಂದಿದ್ದ, ಹಳೆಯ ತೋಟಾ ತುಂಬಿದ ಕಾಫಿ ಡಬ್ಬಿಯನ್ನು ಕೆದಕಿದ. ಕಾಗದ ಸುತ್ತಿದ್ದ ಒಂದು ತೋಟಾ ಕೈಗೆ ಬಂತು. ಅಳೆದ. ಮತ್ತೆ ಅಳೆದ. ಅವನದಕ್ಕೂ ಇದಕ್ಕೂ ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ. ಕಾಗದದಲ್ಲಿ ಪೆನ್ಸಿಲಿನಿಂದ ಬರೆದಿತ್ತು: ಮಾಡಿದವನು ಎಲ್ಮರ್ ಗಾಟ್ಸ್, 1951.

ಯಾರೂ ನೋಡಿರಲಿಲ್ಲ. ಆರ್ವಿಡ್ ಅದನ್ನು ಮುಷ್ಟಿಯಲ್ಲಿ ಹಿಡಿದು ಜೇಬಿಗೆ ಇಳಿಸಿದ. ಈ ವಯಸ್ಸಿನಲ್ಲಿ ಹಿತ್ತಾಳೆ ಕದಿಯುವ ಕಳ್ಳನಾದೆನಲ್ಲ ಎಂದು ನಾಚಿಕೆಯಾಯಿತು. ಕಾರ್ಯದರ್ಶಿ ಲೀಲಂಡ್ ಹೆಸರು ಕರೆದಾಗ ಎದ್ದು, ತನ್ನ ತೋಟಾವನ್ನೂ ಜೇಬಿನಲ್ಲಿದ್ದುದನ್ನೂ ಮೇಜಿನ ಮೇಲಿಟ್ಟ.

"ನಾನು ಒಂಬತ್ತು ವರ್ಷ ಒದ್ದಾಡಿ ಕಂಡುಹಿಡಿದಿದ್ದನ್ನ, ನಾನು ತೊಟ್ಟಿಲಲ್ಲಿದ್ದಾಗ್ಲೇ ಒಬ್ಬ ಮಾಡಿ ಮುಗಿಸಿದ್ದ ಕಣ್ರಯ್ಯಾ."

ಸಭೆ ಹೊಟ್ಟೆ ಹಿಡಿದುಕೊಂಡು ನಕ್ಕಿತು. "ನಳಿಗೆ ಮೇಲಿನ ಹೆಸರು ಏನ್ಮಾಡ್ತೀಯೋ?" ಎಂದ ಲೀಲಂಡ್.

"ಕೋವಿ ಕಳೆದುಹೋದ್ರೆ ಹೆಸರು ನೋಡಿ ಮನೆಗೆ ತಂದ್ಕೊಡ್ತಾರಲ್ಲ, ಇರಲಿ ಬಿಡು."

ಲೀಲಂಡ್ ಪಟ್ಟಿಯಲ್ಲಿ ‘ಹದಿನೇಳರ ಗಾಟ್ಸ್’ ಎಂದು ಬರೆದು, "ಈ ಎಲ್ಮರ್ ಗಾಟ್ಸ್ ಯಾರಿಗಾದ್ರೂ ಗೊತ್ತೇನ್ರೋ?" ಎಂದು ಕೂಗಿ ಕೇಳಿದ. ನಲವತ್ತು ಜನರಲ್ಲಿ ಒಬ್ಬರೂ ತಲೆಯೆತ್ತಲಿಲ್ಲ. ಹಿಂದಿನ ಸಾಲಿನಲ್ಲಿ ಯಾರೋ ಕಾಫಿ ಆಯಿತಾ ಎಂದು ವಿಚಾರಿಸಿದರು.

ತನ್ನ ಹೆಸರು ಹೋದದ್ದಕ್ಕಿಂತ ಆರ್ವಿಡ್‌ಗೆ ಆ ಹೆಸರು ಯಾರಿಗೂ ಗೊತ್ತಿಲ್ಲದ್ದೇ ಹೆಚ್ಚು ಸಂಕಟ ತಂದಿತು. ನಿಂತಲ್ಲೇ, ಎಂದೂ ಕಂಡಿರದ ಆ ಎಲ್ಮರ್‌ಗಾಗಿ ಅವನೊಬ್ಬನೇ ಚಪ್ಪಾಳೆ ತಟ್ಟಿದ.