ಅತ್ತೆ ಹೇಳಿದ ‘ಓನ್ಲಿ’

ನಮ್ಮತ್ತೆ ಧಾರವಾಡದ ಹೈಸ್ಕೂಲೊಂದರಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತರಾದವರು. ಪರದೇಶದಲ್ಲಿ, ಕೆಂಡಲ್ ಪಾರ್ಕ್ ಎಂಬ ಊರಿನಲ್ಲಿರುವ ನಮ್ಮ ಮನೆಗೆ ಬಂದು ಒಂದು ತಿಂಗಳಾಗಿತ್ತು. ಮೆಟ್ಟಿಲು ಹತ್ತಿದರೆ ಎದೆ ಹಿಡಿದುಕೊಂಡು ನಿಲ್ಲುತ್ತಿದ್ದರು. ಗ್ಯಾಸು ಎನ್ನುತ್ತಿದ್ದರು. ಹದಿನೈದು ದಿನ ಹೀಗೇ ನಡೆದ ಮೇಲೆ ನಾನು ರಜೆ ಹಾಕಿ, ಈಸ್ಟ್ ಬ್ರನ್ಸ್‌ವಿಕ್‌ನ ಡಾಕ್ಟರೊಬ್ಬರ ಬಳಿ ಕರೆದುಕೊಂಡು ಹೋದೆ.

ಕಾರಿನಲ್ಲಿ ಅತ್ತೆ ಹೇಳಿದರು, “ನಾ ಮಾತಾಡ್ತೀನಿ. ನೀ ನಡಕ ಬಾಯಿ ಹಾಕಬ್ಯಾಡ.”

ಇಸಿಜಿಯಲ್ಲಿ ಏನೂ ಕಾಣಲಿಲ್ಲ. ನೋವು ಎಷ್ಟು ಸಲ ಬರುತ್ತದೆ ಎಂದು ಡಾಕ್ಟರು ಕೇಳಿದರು.

“ಯೆಸ್ಟರ್‌ಡೇ ಓನ್ಲಿ ಇಟ್ ಕೇಮ್,” ಎಂದರು ಅತ್ತೆ.

ನನಗೆ ಮೊದಲು ಆದದ್ದು ಮುಜುಗರ. ಈ ದೇಶಕ್ಕೆ ಬಂದ ಹೊಸತರಲ್ಲಿ ನಾನೂ ಆಫೀಸಿನಲ್ಲಿ ‘ಐ ಆ್ಯಮ್ ಹಿಯರ್ ಓನ್ಲಿ’ ಎನ್ನುತ್ತಿದ್ದೆ. ಜೊತೆಯವಳೊಬ್ಬಳು ಅಣಕಿಸಿದ ಮೇಲೆ ಆ ‘ಓನ್ಲಿ’ ಬಾಯಿಗೆ ಬರದಂತೆ ನೋಡಿಕೊಂಡಿದ್ದೆ. ಅರ್ಥದ ಕಡೆ ಗಮನ ಹೋದದ್ದು ಆಮೇಲೆ. ಅತ್ತೆ ಹೇಳಿದ್ದು ‘ನಿನ್ನೆಯೇ ಬಂದಿತ್ತಲ್ಲ’ ಎಂದು. ಡಾಕ್ಟರಿಗೆ ಕೇಳಿಸಿದ್ದು ‘ನಿನ್ನೆ ಮಾತ್ರ’ ಎಂದು. ಅವರು ಅದನ್ನೇ ಟೈಪ್ ಮಾಡಿಕೊಂಡು, ಸ್ನಾಯು ಹಿಡಿದಿರಬಹುದು, ಮತ್ತೆ ಬಂದರೆ ಫೋನ್ ಮಾಡಿ ಎನ್ನುತ್ತ ಎದ್ದರು.

ಅತ್ತೆಯ ಮುಖ ನೋಡದೆ ನಾನು ಡಾಕ್ಟರಿಗೆ ಹೇಳಿಬಿಟ್ಟೆ, ಹದಿನೈದು ದಿನದಿಂದ ಬರುತ್ತಿದೆ, ನಿನ್ನೆ ಕೂಡ ಬಂದಿತ್ತು ಎಂದು.

“ನಾ ಅದನ್ನೇ ಹೇಳಿದ್ನಲ್ಲ!” ಎಂದರು ಅತ್ತೆ.

“ಅವರಿಗೆ ನಿನ್ನೆ ಒಂದಿನ ಮಾತ್ರ ಅಂತ ಅರ್ಥ ಆಯ್ತು ಅತ್ತೆ.”

ಡಾಕ್ಟರು ಮತ್ತೆ ಕುಳಿತು ಎಲ್ಲವನ್ನೂ ಮೊದಲಿನಿಂದ ಕೇಳಿದರು. ಅಲ್ಲಿಂದಲೇ ಆಸ್ಪತ್ರೆಗೆ ಕಳಿಸಿದರು. ಮರುದಿನ ಆಂಜಿಯೋಗ್ರಾಮ್ ಮಾಡಿದಾಗ ಒಂದು ರಕ್ತನಾಳ ಮುಕ್ಕಾಲುಪಾಲು ಕಟ್ಟಿಕೊಂಡಿತ್ತು. ಸ್ಟೆಂಟ್ ಹಾಕಿದರು.

ಮನೆಗೆ ಬಂದ ಮೇಲೆ ಅತ್ತೆ ಹೆಚ್ಚು ಮಾತಾಡಲಿಲ್ಲ. ಆಯಾಸವಿರಬೇಕು ಎಂದುಕೊಂಡೆ. ಮೂರನೆಯ ದಿನ ಚಹಾ ಕೊಡಲು ಹೋದಾಗ ಕೇಳಿದರು, “ಇಷ್ಟು ವರ್ಷ ಹುಡುಗರಿಗೆ ತಪ್ಪು ಕಲಿಸಿದ್ನೇನು?”

“ಪಾಠ ಸರಿಯಾಗೇ ಮಾಡಿರ್ತೀರಿ. ಮಾತಾಡೋವಾಗ ನಮ್ಮ ಕನ್ನಡ ಬಂದು ಸೇರ್ಕೊಂಡ್ಬಿಡತ್ತೆ. ‘ನಿನ್ನೆನೇ’ ಅನ್ನೋದಕ್ಕೂ ಓನ್ಲಿ, ‘ನಿನ್ನೆ ಮಾತ್ರ’ ಅನ್ನೋದಕ್ಕೂ ಓನ್ಲಿ. ನನಗೂ ಹಂಗೇ ಬರ್ತಿತ್ತು.”

“ನಿನಗೂ?”

“ಆಫೀಸಲ್ಲಿ ಒಬ್ಬಳು ನಕ್ಕಳು. ಬಿಟ್ಟೆ.”

ಅದನ್ನು ನಾನು ಗಂಡನಿಗೂ ಹೇಳಿರಲಿಲ್ಲ.

“ಆಕಿಗೆ ನೀ ಏನಂದಿ?”

“ಏನೂ ಅನ್ಲಿಲ್ಲ.”

“ಅನ್ನಬೇಕಿತ್ತು,” ಎಂದು ಅತ್ತೆ ಚಹಾ ತೆಗೆದುಕೊಂಡರು. ಎರಡು ಗುಟುಕು ಕುಡಿದು, ತಾವು ಮೊದಲ ಸಲ ಕ್ಲಾಸಿನಲ್ಲಿ ನಿಂತಾಗ ಇನ್‌ಸ್ಪೆಕ್ಟರೊಬ್ಬರು ಮಕ್ಕಳೆದುರಿಗೇ ತಮ್ಮ ಉಚ್ಚಾರ ತಿದ್ದಿದ್ದನ್ನು ಹೇಳಿದರು. ಮನೆಗೆ ಹೋಗಿ ಅತ್ತಿದ್ದರಂತೆ. ನನ್ನ ಮದುವೆಯಾದ ಇಷ್ಟು ವರ್ಷಗಳಲ್ಲಿ ನಾವಿಬ್ಬರೇ ಕುಳಿತು ಅಷ್ಟು ಹೊತ್ತು ಮಾತಾಡಿದ್ದು ಅದೇ ಮೊದಲು.