ಬಾಗಿಲ ಹೊರಗೆ ಬಿಟ್ಟ ಬೂಟು

ಪಾಲಿಶ್ ವಾಸನೆ ಮೊದಲು ಬಂತು, ಬೂಟು ಆಮೇಲೆ ಕಂಡಿತು. ಕುಮಟೆಯ ನಮ್ಮ ಕಾಲೇಜು ಆಫೀಸಿನಲ್ಲಿ ಕಳೆದ ವಾರ ಗುಮಾಸ್ತರ ಹುದ್ದೆಗೆ ಸಂದರ್ಶನವಿತ್ತು. ಸಂದರ್ಶನ ಮಾಡುವ ಮೂವರಲ್ಲಿ ನಾನೂ ಒಬ್ಬ. ನೀರು ಕುಡಿದು ವಾಪಸು ಬರುವಾಗ ಬಾಗಿಲ ಬುಡದಲ್ಲಿ ಒಂದು ಜೊತೆ ಕಪ್ಪು ಬೂಟು, ಮೂಗು ಗೋಡೆಗೆ ಮಾಡಿ, ಒತ್ತಾಗಿ ಕೂತಿದ್ದವು. ಆಗಷ್ಟೇ ಒಳಗೆ ಹೋದ ಹುಡುಗಿಯದು. ನನ್ನ ಕಾಲು ಅಲ್ಲೇ ನಿಂತಿತು...

ಹೊನ್ನಾವರದ ಹತ್ತಿರದ ನಮ್ಮೂರಿನಲ್ಲಿ ನಮ್ಮ ಆಚೆಮನೆಯವರು ನಿವೃತ್ತ ಮಾಸ್ತರು. ನಾನು ಆರನೇ ಇಯತ್ತೆಯಲ್ಲಿದ್ದಾಗ ಬೇಲಿಯ ವಿಷಯಕ್ಕೆ ಅವರಿಗೂ ಅಪ್ಪನಿಗೂ ಜಗಳ ಹತ್ತಿತು. ಒಂದು ಮಾರು ಜಾಗವನ್ನು ನಾವು ನುಂಗಿದೆವು ಎಂದು ಅವರು, ಅವರು ನುಂಗಿದರು ಎಂದು ನಾವು. ಸರ್ವೆಯವರು ಬಂದು ಅಳೆದು ಹೋದ ಮೇಲೆ ಜಗಳ ಇನ್ನಷ್ಟು ಗಟ್ಟಿಯಾಯಿತು. ಅಂದಿನಿಂದ ಅವರ ಹೊಸ್ತಿಲನ್ನು ನಾವು ತುಳಿಯಲಿಲ್ಲ, ನಮ್ಮದನ್ನು ಅವರು ತುಳಿಯಲಿಲ್ಲ.

ಬಿಕಾಂ ಮುಗಿಸಿ ಎರಡು ವರ್ಷ ನಾನು ಮನೆಯಲ್ಲೇ ಇದ್ದೆ. ಅಪ್ಪನ ಸೊಂಟ ಬಿದ್ದುಹೋಗಿತ್ತು. ಹರಿವೆ, ಬಸಲೆ ಕಟ್ಟು ಹೊತ್ತು ಸಂತೆಗೆ ಹೋಗುವುದು ಅಮ್ಮ, ನಮ್ಮ ಆಯಿ, ಒಬ್ಬಳೇ. ಅಂಥ ಹೊತ್ತಿನಲ್ಲಿ ಭಟ್ಕಳದ ಮೀನು ಕಂಪನಿಯೊಂದರಿಂದ ಸಂದರ್ಶನಕ್ಕೆ ಕರೆ ಬಂತು. ಈ ಕೆಲಸ ಸಿಕ್ಕರೆ ಆಯಿಯ ತಲೆ ಮೇಲಿನ ಹೊರೆ ಇಳಿಯುತ್ತದೆ ಎಂಬುದೊಂದೇ ನನ್ನ ತಲೆಯಲ್ಲಿ. ಬೆಳಿಗ್ಗೆ ಅಂಗಳದಲ್ಲಿ ಅತ್ತಿಂದಿತ್ತ ತಿರುಗುತ್ತ, ನನ್ನ ಪರಿಚಯವನ್ನು ಇಂಗ್ಲಿಷಿನಲ್ಲಿ ಜೋರಾಗಿ ಬಾಯಿಪಾಠ ಮಾಡುತ್ತಿದ್ದೆ.

"ಎಂತ ಅದು? ಇಂಗ್ಲಿಷಾ?" ಬೇಲಿಯಾಚೆ ದಾಸವಾಳ ಕೊಯ್ಯುತ್ತಿದ್ದ ಮಾಸ್ತರು ಕೇಳಿದರು. ಹತ್ತು ವರ್ಷದಲ್ಲಿ ನನ್ನೊಡನೆ ಅವರಾಡಿದ ಮೊದಲ ಮಾತು. "ಎಮ್ಮೆ ಹೊಂಡಕ್ಕೆ ಇಳ್ದಂಗೆ ಕೇಳ್ತದೆ."

ನಾನು ಸಿಟ್ಟಿನಿಂದ ಒಳಗೆ ಬಂದೆ. ಆಯಿ, "ಬೈದ್ರೆ ಬೈಲಿ, ಕಲ್ತ್ಕ. ಊರಲ್ಲಿ ಅಷ್ಟು ಇಂಗ್ಲಿಷ್ ಮತ್ಯಾರಿಗೆ ಬತ್ತದೆ?" ಅಂದಳು.

ಮರುದಿನದಿಂದ ಬೇಲಿಯೇ ಶಾಲೆಯಾಯಿತು. ಆಚೆ ಅವರು, ಈಚೆ ನಾನು, ಇಬ್ಬರೂ ಬರಿಗಾಲಲ್ಲಿ. ಅವರು ಕೇಳುವರು, ನಾನು ಹೇಳುವೆ, ಅವರು ಬೈಯುವರು. ತಲೆ ತಗ್ಗಿಸಿದರಂತೂ ಮುಗಿಯಿತು. "ನೆಲ ಎಂತಕೆ ನೋಡ್ತೆ? ನಿನ್ನಪ್ಪ ಕದ್ದ ಜಾಗ ಅಲ್ಲೇ ಅದೆಯಾ?" ಆ ಮಾತಿಗೆ ಅವರ ಕುತ್ತಿಗೆ ಹಿಡಿಯಬೇಕು ಅನ್ನಿಸುತ್ತಿತ್ತು. ಹಲ್ಲು ಕಚ್ಚಿ ಅವರ ಕಣ್ಣನ್ನೇ ನೋಡುತ್ತ ಉತ್ತರ ಹೇಳುತ್ತಿದ್ದೆ. ದ್ವೇಷದಿಂದಲೇ ಕಲಿತೆ.

ಸಂದರ್ಶನದ ಹಿಂದಿನ ದಿನ ಪಾಲಿಶ್ ಡಬ್ಬಿಯೊಂದನ್ನು ಬೇಲಿಯ ಮೇಲಿಂದ ಬೀಸಿ ಒಗೆದರು. ನನ್ನ ಮೊಣಕಾಲಿಗೆ ಬಡಿಯಿತು. "ಹವಾಯಿ ಮೆಟ್ಟು ಹಾಕ್ಕಂಡು ಹೋಗಿ ನನ್ ಮರ್ಯಾದೆ ತೆಗೀಬೇಡ." ಮಾವನ ಹಳೇ ಬೂಟು ತಂದು ಉಜ್ಜಿದೆ. ಕೈಗೆ ಹತ್ತಿದ ವಾಸನೆ ಮೀನುಸಾರಿನ ಊಟದಲ್ಲೂ ಹೋಗಲಿಲ್ಲ.

ಭಟ್ಕಳದ ಆ ಆಫೀಸಿನಲ್ಲಿ ನನ್ನ ಹೆಸರು ಕರೆದರು. ಬಾಗಿಲು ಕಂಡಿತು. ಯಾರ ಮನೆಯ ಬಾಗಿಲು ಕಂಡರೂ ಮಾಡುವುದನ್ನೇ ಮಾಡಿದೆ. ಬೂಟು ಬಿಚ್ಚಿ, ಗೋಡೆಗೆ ಒತ್ತಿಟ್ಟು, ಬರಿಗಾಲಲ್ಲಿ ಒಳಗೆ ಹೋದೆ. ಮೇಜಿನಾಚೆ ಕೂತಿದ್ದ ಒಬ್ಬರು ನನ್ನ ಕಾಲು ನೋಡಿ ನಕ್ಕರು. ನಾನೂ ನೋಡಿಕೊಂಡೆ. ಆಮೇಲೆ ಅವರು ಏನು ಕೇಳಿದರೂ ನನ್ನ ಕಣ್ಣು ನೆಲ ಬಿಟ್ಟು ಏಳಲಿಲ್ಲ...

ಬಸ್ಸಿಳಿದು ಬಂದಾಗ ಮಾಸ್ತರು ಬೇಲಿಯ ಹತ್ತಿರವೇ ನಿಂತಿದ್ದರು. "ಎಂತ ಆತು?"

ಹೇಳಿದೆ.

"ಬೂಟು ಬಿಚ್ಚಿದ್ಯಾ? ಹೆಡ್ಡ! ಅಪ್ಪಟ ಹೆಡ್ಡ!"

"ಹೌದು!" ಎಂದು ಕೂಗಿದೆ. "ಬೇಲಿ ಬುಡದಲ್ಲಿ ನಿಲ್ಸಿ ಎಲ್ಲಾ ಕಲ್ಸಿದ್ರಿ. ಒಂದು ದಿನ ಬಾಗ್ಲ ಒಳಗೆ ಕರ್ದಿದ್ರೆ ಅದೂ ಗೊತ್ತಾಗ್ತಿತ್ತು!"

ಅವರು ತಿರುಗಿ ಮನೆಯೊಳಗೆ ಹೋದರು.

ಮರುದಿನ ಬೆಳಿಗ್ಗೆ ನೋಡಿದರೆ ಬೇಲಿಯ ಎರಡು ಗೂಟ ಕಿತ್ತು ಒಬ್ಬರು ನುಸುಳುವಷ್ಟು ದಾರಿ ಮಾಡಿದ್ದರು. ಅವರ ಮನೆಯ ಬಾಗಿಲು ತೆರೆದಿತ್ತು. ಒಳಗೆ, ಒರೆಸಿದ ಕೆಂಪು ನೆಲದ ಮೇಲೆ ಒಂದು ಮೇಜು, ಎರಡು ಕುರ್ಚಿ. "ಬಾ. ಬೂಟು ಹಾಕ್ಕಂಡೇ ಬಾ," ಎಂದರು. ಹಿಂದೆ ಅವರ ಹೆಂಡತಿ ಬಾಯಿ ಬಾಯಿ ಬಡಿದುಕೊಳ್ಳುತ್ತಿದ್ದರು. "ದೇವ್ರ ಫೋಟೋ ಅದೆ ಅಲ್ಲಿ! ತಲೆ ಕೆಟ್ಟದ್ಯಾ ನಿಮ್ಗೆ?"

"ನನ್ನಪ್ಪನ್ನ ಕಳ್ಳ ಅಂದವ್ರ ಮನೆಗೆ ನಾ ಬರೂದಿಲ್ಲ," ಎಂದೆ.

"ಸಾಯಿ ಹಂಗಾರೆ." ಬಾಗಿಲು ಹಾಕಿಕೊಂಡರು. ಸಂಜೆಯೊಳಗೆ ಗೂಟ ಮೊದಲಿನಂತೆ ನಿಂತವು.

ಆಯಿ ಇನ್ನೂ ಮೂರು ವರ್ಷ ಹೊರೆ ಹೊತ್ತಳು. ಆಮೇಲೆ ನನಗೆ ಈ ಕಾಲೇಜಿನಲ್ಲಿ ಕೆಲಸವಾಯಿತು. ಆ ಸುದ್ದಿಯನ್ನು ಬೇಲಿಯಾಚೆ ಹೇಳಲಿಲ್ಲ. ಹೇಳಬೇಕು ಅನ್ನಿಸಿದ ವರ್ಷ ಅವರು ಇರಲಿಲ್ಲ. ಸತ್ತ ದಿನ ರಸ್ತೆಯ ಕಡೆಯಿಂದ ಸುತ್ತಿ ಹೋಗಿ, ಜಗಳದ ನಂತರ ಮೊದಲ ಬಾರಿ ಆ ಹೊಸ್ತಿಲು ದಾಟಿದೆ. ಅದೇ ಕೆಂಪು ನೆಲದ ಮೇಲೆ ಅವರನ್ನು ಮಲಗಿಸಿದ್ದರು. ನನ್ನ ಮೆಟ್ಟು ಹೊರಗಿತ್ತು.

ಕಳೆದ ವಾರ ಆ ಬೂಟು ದಾಟಿ ಒಳಗೆ ಹೋದಾಗ ಆ ಹುಡುಗಿ ಮೇಜಿನ ಮುಂದೆ ತನ್ನ ಬರಿಗಾಲನ್ನೇ ನೋಡುತ್ತ ನಿಂತಿದ್ದಳು. ಪಕ್ಕದವರ ತುಟಿಯಲ್ಲಿ ನಗು ಏಳುತ್ತಿತ್ತು.

"ತಂಗಿ, ಹೊರಗೆ ಹೋಗು," ಅಂದೆ. "ಬೂಟು ಹಾಕ್ಕಂಡೇ ಬಾ. ಮೊದ್ಲಿಂದ ಶುರು ಮಾಡ್ವ."

ಅವಳು ಬಂದಳು, ತಲೆ ಎತ್ತಿಕೊಂಡು. ಪ್ರಶ್ನೆ ಕೇಳಬೇಕಾದ ನಾನು ಮಾತ್ರ ಸ್ವಲ್ಪ ಹೊತ್ತು ನೆಲ ನೋಡುತ್ತ ಕುಳಿತಿದ್ದೆ...